ಅತ್ತೆಯ ಬೆನ್ನುಮೂಳೆಯ ಅಭಿಮಾನಿ

ನಮ್ಮ ಅತ್ತೆಯ ಬೆನ್ನುಮೂಳೆಗೆ ಸೋಂಕು ತಗುಲಿದೆ ಎಂದು ವೈದ್ಯರು ಹೇಳಿದಾಗ ವಾರ್ಡಿನಲ್ಲಿ ಮಂಚದ ಸುತ್ತ ಇದ್ದ ನಮ್ಮೆಲ್ಲರ ಮುಖ ಕಪ್ಪಿಟ್ಟಿತು. ಒಬ್ಬರ ಮುಖ ಮಾತ್ರ ಬೆಳಗಿತು! ಸುಮ್ಮನೆ ಬೆಳಗಿದ್ದಲ್ಲ, ಸಂಬಂಧ ಕುದುರಿದ ದಿನ ಹೆಣ್ಣಿನ ತಂದೆಯ ಮುಖ ಬೆಳಗುತ್ತದಲ್ಲ, ಹಾಗೆ. ಅವರು ನನ್ನ ಷಡ್ಡಕರು. ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ.

ಅತ್ತೆಗೆ ಕಾಯಿಲೆ ಬಂದರೆ ಸಂತೋಷಪಡುವ ಅಳಿಯಂದಿರು ಲೋಕದಲ್ಲಿ ಬೇರೆ ಯಾರೂ ಇಲ್ಲವೇ ಎಂದು ನೀವು ಕೇಳಬಹುದು. ಇರಬಹುದು. ಆದರೆ ಅವರು ಆಸ್ಪತ್ರೆಯ ಕಾರಿಡಾರಿಗೆ ಬರುವತನಕವಾದರೂ ತಡೆದುಕೊಳ್ಳುತ್ತಾರೆ. ಇವರಿಗೆ ಅಷ್ಟೂ ಆಗಲಿಲ್ಲ. ಕೂತಿದ್ದ ಸ್ಟೂಲಿನ ತುದಿಗೆ ಸರಿದು, ಎರಡೂ ಅಂಗೈ ಉಜ್ಜಿಕೊಂಡು, ಸೋಂಕು ಎಷ್ಟನೇ ಮೂಳೆಗೆ, ನಡುವಿನ ಡಿಸ್ಕಿಗೂ ಬಂದಿದೆಯೇ, ಯಾವ ಕ್ರಿಮಿ ಎಂದು ಗೊತ್ತಾಯಿತೇ ಎಂದು ಒಂದೇ ಉಸಿರಿಗೆ ಕೇಳಿದರು. ಅವರ ಹೆಂಡತಿ ಮಂಚದ ಮರೆಯಲ್ಲಿ ಕಾಲು ತುಳಿದು ಎಚ್ಚರಿಸಿದರು. ತುಳಿದದ್ದು ನನ್ನ ಕಾಲನ್ನು.

ವೈದ್ಯೆ ಚಿಕ್ಕ ವಯಸ್ಸಿನವರು, ಸಮಾಧಾನದ ಹೆಣ್ಣುಮಗಳು. ಸೊಂಟದ ಕೊನೆಯ ಮೂಳೆಯ ಬಳಿ ಕೀವು ಕೂತಿದೆ, ಅದು ನರವನ್ನು ಒತ್ತುತ್ತಿರುವುದರಿಂದ ಎಡಗಾಲು ಸೋತಿದೆ, ಸೂಜಿಯಿಂದ ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸುತ್ತೇವೆ, ವಾರಗಟ್ಟಲೆ ಡ್ರಿಪ್ಪಿನಲ್ಲಿ ಔಷಧಿ ಕೊಡಬೇಕು, ಸೋಂಕು ವಾಸಿಯಾಗುತ್ತದೆ, ಆದರೆ ಕಾಲಿನ ಶಕ್ತಿ ಎಷ್ಟು ಮರಳುತ್ತದೆ ಎಂದು ಈಗಲೇ ಹೇಳಲಾರೆ ಎಂದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

“ಅದೆಲ್ಲ ಇರ್ಲಿ ಡಾಕ್ಟ್ರಮ್ಮ. ನಾನು ಮಾಳಿಗೆ ಅತ್ತಾಕಾಯ್ತದಾ ಇಲ್ವಾ, ಅದೇಳಿ.”

ಅತ್ತೆಯ ಮನೆ ಸೋಲದೇವನಹಳ್ಳಿಯಲ್ಲಿ. ಅವರು ಮದುವೆಯಾಗಿ ಬಂದಾಗ ಹೊಲ ಇದ್ದ ಕಡೆಯೆಲ್ಲ ಈಗ ಕಾಲೇಜು. ಮನೆಯ ಮೇಲಂತಸ್ತಿನ ಕೋಣೆಗಳಲ್ಲಿ ಕಾಲೇಜಿನ ಹುಡುಗಿಯರು ಬಾಡಿಗೆಗೆ ಇದ್ದಾರೆ. ಅದರ ಮೇಲೆ ತೆರೆದ ಮಾಳಿಗೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅತ್ತೆ ಅಲ್ಲಿಗೆ ಹತ್ತಲೇಬೇಕು. ನೀರಿನ ಟ್ಯಾಂಕಿಗೆ ಇಣುಕಬೇಕು, ಒಣಗಲು ಹಾಕಿದ ಮೆಣಸಿನಕಾಯಿ ತಿರುವಬೇಕು, ದಾರಿಯಲ್ಲಿ ಹುಡುಗಿಯರಿಗೆ ಕೂದಲು ಒಣಗಿಸಿಕೊಳ್ಳುವ ಬಗ್ಗೆ ಬುದ್ಧಿ ಹೇಳಬೇಕು, ಮೇಲೆ ನಿಂತು ರಸ್ತೆಯಲ್ಲಿ ಹೋಗುವವರನ್ನು ಹೆಸರು ಹಿಡಿದು ಕರೆದು ವಿಚಾರಿಸಬೇಕು. ಮಾವ ತೀರಿಕೊಂಡ ಮೇಲೆ ಅವರ ದಿನ ಆ ಮೆಟ್ಟಿಲುಗಳ ಮೇಲೆಯೇ ನಿಂತಿತ್ತು. ವೈದ್ಯೆ, ನೋಡೋಣ ಅಮ್ಮಾ ಎಂದರು. ಅತ್ತೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಷಡ್ಡಕರು ಮಾತ್ರ ಸ್ಟೂಲಿನ ಮೇಲೆ ಕೂತು ಬೆರಳು ಮಡಿಸುತ್ತಾ ಯಾವುದೋ ಸಂಖ್ಯೆ ಜ್ಞಾಪಿಸಿಕೊಳ್ಳುತ್ತಿದ್ದರು.

ಇದು ಹುಚ್ಚಲ್ಲ, ಉದ್ಯೋಗ! ಹೆಬ್ಬಾಳದ ಹತ್ತಿರ ಗಾಜಿನ ಕಟ್ಟಡವೊಂದರಲ್ಲಿ ಅವರ ಕಚೇರಿ. ದೂರದ ದೇಶದ ಆಸ್ಪತ್ರೆಗಳ ಕಾಗದಪತ್ರ ಅಲ್ಲಿಗೆ ಬರುತ್ತದೆ. ವೈದ್ಯರು ಉದ್ದುದ್ದ ಬರೆದದ್ದನ್ನು ಇವರು ಓದಿ, ಪ್ರತಿಯೊಂದು ಕಾಯಿಲೆಗೂ ಅದರದೇ ಆದ ಕೋಡು, ಅಂದರೆ ಒಂದು ಅಕ್ಷರ ಮತ್ತು ಕೆಲವು ಅಂಕಿ, ಹಾಕಬೇಕು. ಇವರು ವೈದ್ಯರಲ್ಲ. ರೋಗಿಯನ್ನು ಮುಟ್ಟಿದವರಲ್ಲ. ಮಗನ ಮೊಣಕಾಲು ತರಚಿದರೆ ಹತ್ತಿಯನ್ನು ಹೆಂಡತಿಯ ಕೈಗೆ ಕೊಟ್ಟು ಬಾಲ್ಕನಿಗೆ ಹೋಗಿ ನಿಲ್ಲುತ್ತಾರೆ. ಆದರೆ ಬೆನ್ನುಮೂಳೆಯ ಸೋಂಕು ಎಂದರೆ ಸಾಕು, ಕಚೇರಿಯಲ್ಲಿ ಯಾವ ಮೂಲೆಯ ಫೈಲೇ ಆದರೂ ಇವರ ಮೇಜಿಗೆ ಬರುತ್ತದೆ.

ಅದರ ವೈಭವವನ್ನು ನನಗೆ ಅನೇಕ ಸಲ ವಿವರಿಸಿದ್ದಾರೆ. ನಾನು ಕೇಳಿರಲಿಲ್ಲ. ಎಂ ನಲವತ್ತಾರು ಎಂದು ಶುರುವಾಗುತ್ತದಂತೆ. ಕತ್ತಿಗೆ ಒಂದು ಅಂಕಿ, ಕತ್ತು ಬೆನ್ನಿಗೆ ಸೇರುವಲ್ಲಿ ಮತ್ತೊಂದು, ಎದೆಯ ಹಿಂಭಾಗಕ್ಕೆ ಇನ್ನೊಂದು, ಹೀಗೆ ಕೆಳಗಿಳಿದಂತೆ ಕೊನೆಯ ಅಂಕಿ ಬದಲಾಗುತ್ತದೆ. ಸಿಟಿ ಬಸ್ಸಿನ ನಂಬರಿನಲ್ಲಿ ಕೊನೆಯ ಅಕ್ಷರ ನೋಡದೆ ಹತ್ತಿದರೆ ಬೇರೆ ಊರಿಗೆ ಹೋಗುತ್ತೀರಲ್ಲ, ಹಾಗೆ. ಮೂಳೆಗೆ ಒಂದು ಕೋಡು ಹಾಕಿದರೆ ಮುಗಿಯಲಿಲ್ಲ, ಸೋಂಕು ತಂದ ಕ್ರಿಮಿಗೆ ಬೇರೆ ಕೋಡು. ಎಲ್ಲಿ ಎಂದೇ ವೈದ್ಯರು ಬರೆಯದಿದ್ದರೆ ಕೊನೆಗೆ ಸೊನ್ನೆ ಹಾಕಬೇಕು. ಈ ಸೊನ್ನೆಯನ್ನು ಷಡ್ಡಕರು ತಮಗಾದ ಅವಮಾನವೆಂದೇ ತಿಳಿಯುತ್ತಾರೆ.

ಅವರೆದುರು ಬೆನ್ನು ನೋವು ಎಂದು ಬಾಯಿಬಿಟ್ಟವರ ಗತಿ ಏನು? ಆರ್‌.ಟಿ. ನಗರದಲ್ಲಿ ಒಂದು ಗೃಹಪ್ರವೇಶ. ನಮ್ಮ ದೊಡ್ಡಪ್ಪನ ಮಗ ಊಟಕ್ಕೆ ಹೊರಟವನು ಸೊಂಟ ಹಿಡಿದುಕೊಂಡು, ಅಬ್ಬಾ ಬೆನ್ನು ಎಂದ. ಅಷ್ಟೇ! ಷಡ್ಡಕರು ಅವನನ್ನು ಶಾಮಿಯಾನದ ಕಂಬಕ್ಕೆ ಒರಗಿಸಿ ನಿಲ್ಲಿಸಿಕೊಂಡರು. ಬೆನ್ನು ಎಂದರೆ ಎಲ್ಲಿ, ಮೇಲೋ ಕೆಳಗೋ, ಎಡವೋ ಬಲವೋ, ಕಾಲಿಗೆ ಇಳಿಯುತ್ತದೋ, ಹೊಸದೋ ಹಳೆಯದೋ, ಬಿದ್ದದ್ದರಿಂದಲೋ, ಬಿದ್ದದ್ದಾದರೆ ಎಲ್ಲಿಂದ, ಏಣಿಯಿಂದಲೋ ಮಂಚದಿಂದಲೋ. ಅವನು ಬಿಡಿಸಿಕೊಂಡು ಪಂಕ್ತಿಗೆ ಹೋಗುವ ಹೊತ್ತಿಗೆ ಹೋಳಿಗೆ ಮುಗಿದಿತ್ತು. ಅವನ ಬೆನ್ನು ನೋವು ಹೋಯಿತೋ ಇಲ್ಲವೋ ನನಗೆ ತಿಳಿಯದು. ನಮ್ಮ ಬಳಗದಲ್ಲಿ ಯಾರೂ ಈಗ ಆ ಮಾತನ್ನು ಎತ್ತುವುದಿಲ್ಲ.

ಇನ್ನೊಂದು ಸಲ ಅವರ ಮನೆಗೆ, ಸಂಜಯನಗರಕ್ಕೆ, ಹೊರಟಿದ್ದೆ. ತಡವಾಗುತ್ತದೆ, ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಎಂದು ಫೋನು ಮಾಡಿದೆ. ಫ್ಲೈಓವರಿನ ಮೇಲೋ ಕೆಳಗೋ ಎಂದರು. ಕೆಳಗೆ ಎಂದೆ. ಸಿಗ್ನಲ್ಲಿನ ಈಚೆಯೋ ಆಚೆಯೋ, ಲಾರಿಗಳ ಸಾಲಿನಲ್ಲೋ ಆಟೋಗಳ ಸಾಲಿನಲ್ಲೋ, ಇವತ್ತು ಸಿಕ್ಕಿಕೊಂಡದ್ದು ಇದೇ ಮೊದಲೋ ಅಥವಾ ಹಿಂದಿನ ಜಾಮೇ ಮುಂದುವರಿದಿದೆಯೋ! ಯಾವುದಾದರೂ ಒಳದಾರಿ ಹೇಳುತ್ತಾರೆ ಎಂಬ ಆಸೆಯಿಂದ ಎಲ್ಲಕ್ಕೂ ಉತ್ತರ ಕೊಟ್ಟೆ. ಎಲ್ಲ ಕೇಳಿಕೊಂಡು ಸುಮ್ಮನಾದರು. ಈಗ ಏನು ಮಾಡಲಿ ಎಂದು ನಾನೇ ಕೇಳಬೇಕಾಯಿತು.

“ಅದು ಗೊತ್ತಿಲ್ಲ ಭಾವ. ಪರಿಹಾರ ನನ್ನ ವಿಭಾಗ ಅಲ್ಲ. ನಾನು ಗುರುತಿಸೋದು ಅಷ್ಟೇ.”

ಕಚೇರಿಯಲ್ಲಿ ಇನ್ನೊಂದು ನಿಯಮ ಇದೆಯಂತೆ. ಕ್ಲಿನಿಕ್ಕಿಗೆ ಬಂದುಹೋಗುವ ರೋಗಿಯ ಕಾಗದದಲ್ಲಿ ವೈದ್ಯರು ಇಂಥ ಕಾಯಿಲೆ ಇರಬಹುದು ಎಂದು ಬರೆದರೆ ಆ ಕಾಯಿಲೆಗೆ ಕೋಡು ಹಾಕುವಂತಿಲ್ಲ. ಇದೆ ಎಂದು ಬರೆದರೆ ಮಾತ್ರ ಇದೆ. ಒಳ್ಳೆಯ ನಿಯಮವೇ. ಆದರೆ ಅದು ಮನೆಗೆ ಬಂದಾಗ? ನಾಳೆ ನಲ್ಲಿಯಲ್ಲಿ ನೀರು ಬರದೇ ಇರಬಹುದು ಎಂದು ಹೆಂಡತಿ ಹೇಳಿದರು. ಇರಬಹುದು ತಾನೇ? ಇವರು ಒಂದು ಬಿಂದಿಗೆಯನ್ನೂ ತುಂಬಿಸಿಡಲಿಲ್ಲ. ಮಾರನೆಯ ದಿನ ಇಡೀ ಸಂಸಾರ ಕ್ಯಾನಿನ ನೀರಿನಲ್ಲಿ ಮುಖ ತೊಳೆಯಿತು.

ಈಗ ನಿಮಗೆ ಒಂದು ಅನುಮಾನ ಬಂದಿರುತ್ತದೆ. ಇಂಥ ಮನುಷ್ಯ ಮನೆಯಲ್ಲಿರುವಾಗ ಅತ್ತೆಯ ಕಾಯಿಲೆಯನ್ನು ಮೊದಲು ಕಂಡುಹಿಡಿದವರು ಅವರೇ ಇರಬೇಕಲ್ಲವೇ? ಇಲ್ಲ! ಅತ್ತೆ ಎರಡು ಹಬ್ಬಗಳ ನಡುವೆ ಸೊಂಟ ಹಿಡಿದುಕೊಂಡೇ ಓಡಾಡಿದರು. ಷಡ್ಡಕರು ತಮ್ಮ ಪ್ರಶ್ನೆಗಳನ್ನೆಲ್ಲ ಕೇಳಿದರು, ಅತ್ತೆ ಉತ್ತರಿಸಿದರು, ಇಬ್ಬರೂ ಸಮಾಧಾನದಿಂದ ಕಾಫಿ ಕುಡಿದರು. ಅತ್ತೆ ಮೆಣಸಿನಕಾಯಿ ತಿರುವಲು ಬಾಡಿಗೆಯ ಹುಡುಗಿಯನ್ನು ಮೇಲೆ ಕಳಿಸಿದ್ದನ್ನು ನೋಡಿ, ಏನೋ ಕೆಟ್ಟದ್ದಾಗಿದೆ ಎಂದು ಹಿಡಿದುಕೊಂಡು ಆಸ್ಪತ್ರೆಗೆ ಎಳೆದು ತಂದವಳು ನನ್ನ ಹೆಂಡತಿ. ನಿಮಗೆ ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ನಾನು ಷಡ್ಡಕರನ್ನು ಕೇಳಿದೆ. ಅವರು ಪ್ರಾಮಾಣಿಕವಾಗಿ ಯೋಚಿಸಿ ಹೇಳಿದರು. “ಸೀರೆ ಉಟ್ಕೊಂಡು ಎದುರಿಗೆ ಕೂತ ಬೆನ್ನುಮೂಳೆ ನಾನು ಇದುವರೆಗೂ ನೋಡಿರ್ಲಿಲ್ಲ ಭಾವ.”

ಆಸ್ಪತ್ರೆಯಲ್ಲಿ ಅವರ ಉತ್ಸಾಹ ದಿನದಿನಕ್ಕೂ ಏರಿತು. ಸೂಜಿಯಿಂದ ತೆಗೆದದ್ದು ಪರೀಕ್ಷೆಗೆ ಹೋಗಿತ್ತು. ಕ್ಷಯವೋ ಬೇರೆ ಕ್ರಿಮಿಯೋ ಎಂದು ಗೊತ್ತಾಗಬೇಕಿತ್ತು. ಕ್ಷಯವಾದರೆ ಅದು ಪುಸ್ತಕದಲ್ಲಿ ಬೇರೆಯೇ ಅಧ್ಯಾಯ, ಎಂ ಅಲ್ಲ, ಅಲ್ಲಿ ನನಗೆ ಅಷ್ಟು ಬಳಕೆ ಇಲ್ಲ ಎಂದು ಪೇಚಾಡಿದರು. ಅತ್ತೆಯನ್ನು ಗುರುತಿಲ್ಲದ ಸೀಮೆಗೆ ಮದುವೆ ಮಾಡಿ ಕಳಿಸುವವರ ಹಾಗಿತ್ತು ಮುಖ! ಕೊನೆಗೆ ವರದಿ ಬಂತು. ನನಗೆ ಫೋನು ಮಾಡಿದರು. ಕ್ಷಯ ಅಲ್ಲ, ಚರ್ಮದ ಮೇಲೆ ಸಾಮಾನ್ಯವಾಗಿರುವ ಸ್ಟೆಫಿಲೋಕಾಕಸ್, ಎರಡನೆಯ ಕೋಡೂ ಸಿಕ್ಕಿತು ಎಂದರು. ನನ್ನ ಹೆಂಡತಿ ಫೋನು ಕಿತ್ತುಕೊಂಡು, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದಳು. ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ, ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದರು.

ಪಕ್ಕದ ವಾರ್ಡಿನಲ್ಲಿ ಯಲಹಂಕದ ಒಬ್ಬರು ಕತ್ತಿನ ಮೂಳೆಗೆ ಇದೇ ಸೋಂಕು ಹತ್ತಿಸಿಕೊಂಡು ಮಲಗಿದ್ದರು. ಇವರಿಗೆ ಗೊತ್ತಾಗದೇ ಇರುತ್ತದೆಯೇ? ಹೋಗಿ ನಿಂತರು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ, ಇವರು ಕೇಳುವ ಪ್ರಶ್ನೆಗಳ ರೀತಿ. ರೋಗಿಯ ಮನೆಯವರು, ಯಾರೋ ಹಿರಿಯ ತಜ್ಞರೇ ಬಂದಿದ್ದಾರೆ ಎಂದು ಎದ್ದು ಕುರ್ಚಿ ಕೊಟ್ಟರು, ಎಳನೀರು ಕೊಟ್ಟರು. ಷಡ್ಡಕರು ಎಲ್ಲವನ್ನೂ ವಿವರವಾಗಿ ಕೇಳಿ ತೃಪ್ತಿಯಿಂದ ತಲೆಯಾಡಿಸಿದರು. ಆಗ ಆ ಮನುಷ್ಯನ ಹೆಂಡತಿ ಕೈಮುಗಿದು, ಇವರು ಮೊದಲಿನ ಹಾಗೆ ಆಗುತ್ತಾರಾ ಸರ್ ಎಂದು ಕೇಳಿದರು. ಷಡ್ಡಕರು ಎಳನೀರನ್ನು ಅರ್ಧಕ್ಕೇ ಇಟ್ಟು ಎದ್ದುಬಂದರು. ಆಮೇಲೆ ಆ ವಾರ್ಡಿನ ಮುಂದೆ ಹಾದು ಹೋಗಲಿಲ್ಲ. ಲಿಫ್ಟಿಗೆ ಸುತ್ತುಹಾಕಿಕೊಂಡು ಹೋಗುತ್ತಿದ್ದರು.

ಅತ್ತೆಯ ಫೈಲಿನಲ್ಲಿ ಒಂದು ಕಡೆ ಸೋಂಕು ಸೊಂಟದ ಭಾಗದಲ್ಲಿ ಎಂದಷ್ಟೇ ಬರೆದಿತ್ತು. ಷಡ್ಡಕರ ಪ್ರಕಾರ ಅದು ಸೊಂಟವಲ್ಲ, ಸೊಂಟವೂ ಅದರ ಕೆಳಗಿನ ತ್ರಿಕೋನದ ಮೂಳೆಯೂ ಸೇರುವ ಜಾಗ. ಕೊನೆಯ ಅಂಕಿ ಆರು ಅಲ್ಲ, ಏಳು! ವೈದ್ಯೆ ರೌಂಡ್ಸಿಗೆ ಬರುವ ದಾರಿಯಲ್ಲಿ ಅಡ್ಡ ನಿಂತು ಇದನ್ನು ನಿವೇದಿಸಿಕೊಂಡರು. ನಮ್ಮ ದೇಶದ ಈ ಆಸ್ಪತ್ರೆಯಲ್ಲಿ ಆ ಅಂಕಿಯನ್ನು ಯಾರೂ ಕೇಳುವುದಿಲ್ಲ ಎಂಬುದು ಅವರಿಗೂ ಗೊತ್ತು, ಇವರಿಗೂ ಗೊತ್ತು. ಪುಣ್ಯಾತ್ಗಿತ್ತಿ ಪೂರ್ತಿ ಕೇಳಿಸಿಕೊಂಡು ಅಲ್ಲೇ ನಿಂತು ತಿದ್ದಿದರು.

“ಬರ್ದಿದೀನಿ ಸರ್. ಔಷಧಿ ಮಾತ್ರ ಎರಡಕ್ಕೂ ಒಂದೇ.”

ಷಡ್ಡಕರು ಚುನಾವಣೆ ಗೆದ್ದವರ ಹಾಗೆ ಒಳಗೆ ಬಂದರು. ಅವರ ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. ಹೆತ್ತ ತಾಯಿ ಕಾಲು ಎತ್ತಲಾಗದೆ ಮಲಗಿದ್ದಾಳೆ, ಇವರಿಗೆ ಆರೋ ಏಳೋ ಎಂಬ ಚಿಂತೆ ಎಂದು ಕಣ್ಣೀರು ಹಾಕಿದರು. ಅತ್ತೆ ಮಲಗಿದ್ದಲ್ಲಿಂದಲೇ ಮಗಳಿಗೆ ಸಮಾಧಾನ ಹೇಳಿದರು.

“ಬುಡವ್ವಾ. ನನ್ ಬೆನ್ನಿಂದ ಇಷ್ಟ್ ದಿನ ಯಾರ್ಗೂ ಏನೂ ಉಪ್ಯೋಗ ಆಗಿರ್ಲಿಲ್ಲ. ಅಳಿಯಂದ್ರಿಗಾದ್ರೂ ಕುಸಿ ಆಯ್ತಲ್ಲ.”

ಅತ್ತೆಗೆ ಸಿಟ್ಟು ಬರಲಿಲ್ಲ. ಮಗಳಿಗೆ ಬಂದ ಸಿಟ್ಟು ಇಳಿಯಲಿಲ್ಲ. ಆವತ್ತಿನಿಂದ ಗಂಡನ ಜೊತೆ ಮಾತು ಬಂದ್. ಅವರಿಗೆ ಹೇಳಿ, ಊಟದ ಡಬ್ಬಿ ಕಿಟಕಿಯ ಹತ್ತಿರ ಇದೆ ಎಂದು ನನಗೆ ಹೇಳುವರು. ಷಡ್ಡಕರು ಅದೇ ಕಿಟಕಿಗೆ ಒರಗಿಕೊಂಡು ನಿಂತಿರುತ್ತಿದ್ದರು. ನಾನು ಗಂಭೀರವಾಗಿ ಅವರ ಕಡೆ ತಿರುಗಿ, ಡಬ್ಬಿ ಕಿಟಕಿಯ ಹತ್ತಿರ ಇದೆಯಂತೆ ಎನ್ನುತ್ತಿದ್ದೆ. ಅವರು, ಎಡಕ್ಕೋ ಬಲಕ್ಕೋ ಕೇಳಿ ಭಾವ ಎನ್ನುತ್ತಿದ್ದರು.

ಔಷಧಿ ಹೋಗುತ್ತಾ ಹೋಗುತ್ತಾ ಜ್ವರ ಬಿಟ್ಟಿತು, ನೋವು ಇಳಿಯಿತು. ಎಡಗಾಲು ಮಾತ್ರ ಮಾತು ಕೇಳಲಿಲ್ಲ. ಫಿಸಿಯೋಥೆರಪಿಯವರು ಪಾದ ಎತ್ತಿ ಅಮ್ಮಾ ಎನ್ನುವರು. ಅತ್ತೆ ಹಲ್ಲು ಕಚ್ಚಿ ಎತ್ತುವರು. ಹೆಬ್ಬೆರಳು ಅಲುಗುವುದು, ಪಾದ ಅಲ್ಲೇ ಇರುವುದು. ಒಂದು ದಿನ ಅತ್ತೆ ನನ್ನ ಹೆಂಡತಿಯನ್ನು ಹತ್ತಿರ ಕರೆದು, ಮೆಣಸಿನಕಾಯಿ ಅಂಗಳದಲ್ಲೇ ಒಣಗಿಸೋಣ ಬಿಡು ಎಂದರಂತೆ. ನನ್ನ ಹೆಂಡತಿ ಹೊರಗೆ ಬಂದು ಅತ್ತಳು. ಅಂಗಳದಲ್ಲಿ ಬಿಸಿಲೇ ಬೀಳುವುದಿಲ್ಲ. ಪಕ್ಕದಲ್ಲಿ ಕಾಲೇಜಿನ ಹಾಸ್ಟೆಲ್ಲು ಎದ್ದ ಮೇಲೆ ಬಿಸಿಲು ಇರುವುದು ಮಾಳಿಗೆಯ ಮೇಲೆ ಮಾತ್ರ.

ಡಿಸ್ಚಾರ್ಜಿನ ದಿನ ಬಂತು. ಷಡ್ಡಕರು ಕಾಗದವನ್ನು ಮದುವೆಯ ಆಹ್ವಾನಪತ್ರಿಕೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಮೊದಲಿನಿಂದ ಕೊನೆಯವರೆಗೆ ಓದಿ, ಸರಿಯಾಗಿದೆ ಎಂದರು. ಅವರ ಹೆಂಡತಿ ಬಹಳ ದಿನಗಳ ಮೇಲೆ ಅವರ ಜೊತೆ ನೇರವಾಗಿ ಮಾತಾಡಿದರು. “ಆಯ್ತಲ್ಲ ರೀ. ನಿಮ್ಮ ಫೈಲ್ ಕ್ಲೋಸ್ ಆಯ್ತು. ಇನ್ನು ಹೋಗಿ.” ಅವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು. ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದೆವು. ಇನ್ನು ಈ ಬೆನ್ನುಮೂಳೆಯಲ್ಲಿ ಇವರಿಗೆ ಆಸಕ್ತಿ ಉಳಿಯುವುದಿಲ್ಲ ಎಂದು ನಾವೆಲ್ಲ ತಿಳಿದೆವು. ಕೋಡು ಹಾಕಿಯಾಯಿತಲ್ಲ!

ಮಾರನೆಯ ಬೆಳಿಗ್ಗೆ ಅತ್ತೆಯ ಮನೆಯ ಮುಂದೆ ಅವರ ಸ್ಕೂಟರು ನಿಂತಿತ್ತು. ಅದರ ಮಾರನೆಯ ಬೆಳಿಗ್ಗೆಯೂ ನಿಂತಿತ್ತು. ಸಂಜಯನಗರದಿಂದ ಸೋಲದೇವನಹಳ್ಳಿಗೆ ಬಂದು, ಮತ್ತೆ ವಾಪಸು ಹೆಬ್ಬಾಳಕ್ಕೆ ಕಚೇರಿಗೆ. ಈ ದಾರಿಯಲ್ಲಿ ಬೆಳಗಿನ ಹೊತ್ತು ಓಡಾಡಿದವರಿಗೆ ಇದು ಎಂಥ ಹುಚ್ಚು ಎಂದು ನಾನು ವಿವರಿಸಬೇಕಾಗಿಲ್ಲ. ಬಂದವರು ಅತ್ತೆಯ ಸೊಂಟಕ್ಕೆ ಬೆಲ್ಟು ಬಿಗಿದು, ವಾಕರ್ ಕೈಗೆ ಕೊಟ್ಟು, ನಡುಮನೆಯಲ್ಲಿ ನಡೆಸುವರು. ಎಡಪಾದ ಎಳೆದರೆ ಬೈಯುವರು. ಅತ್ತೆ ತಿರುಗಿ ಬೈಯುವರು. ಕಂದಾಯ ವಸೂಲಿಯವನು ಬಂದಂಗೆ ಒತ್ತಾರೆನೇ ಬತ್ತಾರೆ ಎಂದು ಎದುರುಮನೆಯವರಿಗೆ ದೂರು ಹೇಳುವರು. ವಾಕರ್ ಹೋಗಿ ಕೋಲು ಬಂತು. ನಡುಮನೆ ಹೋಗಿ ಅಂಗಳ ಬಂತು. ಅಂಗಳ ಹೋಗಿ ರಸ್ತೆಯ ತಿರುವಿನ ಹಾಲಿನ ಅಂಗಡಿ ಬಂತು. ಮೆಟ್ಟಿಲಿನ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನೂ ಅಲ್ಲಿದ್ದೆ. ಅತ್ತೆ ಒಳಗೆ ಮುಖ ತೊಳೆಯುತ್ತಿದ್ದರು. ನಾವಿಬ್ಬರೂ ಹೊಸಿಲ ಹೊರಗೆ ಕಾಫಿ ಹಿಡಿದು ಕೂತಿದ್ದೆವು. ನಿಮ್ಮ ಕೆಲಸ ಆವತ್ತೇ ಮುಗಿಯಿತಲ್ಲ, ದಿನಾ ಯಾಕೆ ಇಷ್ಟು ದೂರ ಬರುತ್ತೀರಿ ಎಂದು ತಮಾಷೆಗೆ ಕೇಳಿದೆ. ಅವರು ಕಾಫಿಯ ಲೋಟವನ್ನು ಕೆಳಗಿಟ್ಟರು.

“ನಾನ್ ಓದೋದೆಲ್ಲ ಡಿಸ್ಚಾರ್ಜ್ ದಿನಕ್ಕೆ ನಿಂತೋಗುತ್ತೆ ಭಾವ. ಒಬ್ರು ಸ್ಕೂಲ್ ಬಸ್ ಓಡ್ಸೋರು ಇದ್ರು. ಎರಡೂ ಕಾಲಲ್ಲಿ ಶಕ್ತಿ ಇರ್ಲಿಲ್ಲ. ಬ್ರೇಕ್ ಒತ್ತೋಕಾಗುತ್ತಾ ಅಂತ ದಿನಾ ನರ್ಸ್‌ಗೆ ಕೇಳ್ತಿದ್ರಂತೆ, ನರ್ಸ್ ಬರ್ದಿದ್ರು. ಅದನ್ನ ನಾನು ಓದ್ಲೇಬೇಕು ಅಂತಿಲ್ಲ, ಓದ್ತೀನಿ. ವೀಲ್‌ಚೇರಲ್ಲಿ ಮನೆಗೆ ಕಳ್ಸಿದ್ವಿ ಅಂತ ಕೊನೇ ಸಾಲು. ನಾನು ಕೋಡ್ ಹಾಕಿ ಮುಂದಿನ ಫೈಲ್ ತೆಗ್ದೆ.”

ಲೋಟವನ್ನು ಕಾಲಿಗೆ ತಾಗದಂತೆ ಗೋಡೆಯ ಕಡೆ ಸರಿಸಿದರು.

“ಹೆಸರೂ ಗೊತ್ತಾಗಲ್ಲ ನಮಗೆ, ಮರೆಮಾಡಿರ್ತಾರೆ. ಯಾರನ್ನ ಕೇಳ್ಲಿ? ಎಷ್ಟು ಜನ ಅಂಥೋರು. ಒಬ್ರಾದ್ರೂ ಎದ್ದು ನಡೆದಿದ್ದು ನಾನು ಕಣ್ಣಾರೆ ನೋಡಿಲ್ಲ ಭಾವ. ಇವರನ್ನ ನೋಡ್ಬೇಕು.”

ಅಷ್ಟರಲ್ಲಿ ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಹಾಲಿನ ಅಂಗಡಿಯ ಕಡೆ ತಿರುಗುವ ಬದಲು ಮನೆಯ ಪಕ್ಕಕ್ಕೆ ತಿರುಗಿದರು. ಕೋಲನ್ನು ಗೋಡೆಗೆ ಒರಗಿಸಿ, ಕಂಬಿ ಹಿಡಿದು, ಮೊದಲನೆಯ ಮೆಟ್ಟಿಲಿನ ಮೇಲೆ ಬಲಗಾಲು ಇಟ್ಟರು. ನಾವು ಎದ್ದು ಓಡಿದೆವು. ಷಡ್ಡಕರು ಅವರ ಬೆನ್ನ ಹಿಂದೆ, ಕೋಳಿ ಹಿಡಿಯುವವರ ಹಾಗೆ ಎರಡೂ ಕೈ ಅಗಲಿಸಿಕೊಂಡು ಹತ್ತತೊಡಗಿದರು, ಅವರ ಹಿಂದೆ ನಾನು. ಷಡ್ಡಕರು ಅತ್ತೆಯನ್ನು ಮುಟ್ಟಲಿಲ್ಲ. ಬೀಳುತ್ತೀರಿ ಎನ್ನಲೂ ಇಲ್ಲ. ಎಡಪಾದ ಮೆಟ್ಟಿಲಿನ ಅಂಚಿಗೆ ತಾಗಿತು. ಅತ್ತೆ ನಿಂತರು, ಉಸಿರು ಎಳೆದುಕೊಂಡರು, ಪಾದವನ್ನು ಎತ್ತಿ ಮೇಲಿಟ್ಟರು. ಮೇಲಂತಸ್ತಿನ ಹುಡುಗಿಯರು ಬಾಯಲ್ಲಿ ಬ್ರಷ್ಷು ಹಾಗೇ ಹಿಡಿದುಕೊಂಡು ಗೋಡೆಗೆ ಸರಿದು ದಾರಿ ಬಿಟ್ಟರು. ತಿರುವಿನಲ್ಲಿ ಅತ್ತೆ ಇನ್ನೊಂದು ಸಲ ನಿಂತರು. ಆಮೇಲೆ ಅತ್ತೆಯ ತಲೆ ಬಿಸಿಲಿಗೆ ಹೋಯಿತು, ಭುಜ ಹೋಯಿತು, ಪೂರ್ತಿ ಅತ್ತೆಯೇ ಮಾಳಿಗೆಯ ಮೇಲೆ ಹೋಗಿ ನಿಂತರು.

ಷಡ್ಡಕರು ಹಿಂದೆ ಹೋಗಲಿಲ್ಲ. ಕೊನೆಯ ಮೆಟ್ಟಿಲುಗಳ ಹತ್ತಿರ ತಟ್ಟನೆ ಕೂತುಬಿಟ್ಟರು. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಬೆನ್ನು ಅಲುಗುತ್ತಿತ್ತು.

ಅತ್ತೆ ಮೇಲಿನಿಂದ ಬಗ್ಗಿ ನೋಡಿದರು.

“ಯಾಕ್ ಅಳಿಯಂದ್ರೇ, ಕುಂತ್ಬುಟ್ರಿ? ಬೆನ್ನು ನೋವಾ?”

ಅವರು ತಲೆ ಎತ್ತಲಿಲ್ಲ. ಸೋತ ಕಾಲಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಒಬ್ಬರೇ ಇಳಿಯಲು ಬಿಡಬೇಡಿ ಎಂದು ಫಿಸಿಯೋಥೆರಪಿಯವರು ನಮಗೆ ಹೇಳಿದ್ದರು. ತಿರುವಿನಲ್ಲೇ ನಿಂತಿದ್ದ ನಾನು ಕೈ ಚಾಚಿಕೊಂಡು ಹತ್ತಿದೆ. ನಾನು ತಲುಪುವ ಮೊದಲೇ ಅತ್ತೆ ಕಂಬಿ ಹಿಡಿದು, ಒಂದೊಂದೇ ಪಾದ ಇಳಿಸಿ, ಅವರ ಹಿಂದಿನ ಮೆಟ್ಟಿಲಿಗೆ ಬಂದಿದ್ದರು. ಅಲ್ಲೇ ಕೂತು, ಅಳಿಯನ ಬೆನ್ನ ಮೇಲೆ ಕೈಯಿಟ್ಟು ನಿಧಾನವಾಗಿ ಸವರತೊಡಗಿದರು.